ಕರೆಯದೆ ಬಂದ ಕಾಗೆ

ಕಪ್ಪಗಿರೋದೆಲ್ಲ ಒಂದೇ ಕಾಗೆ ಅಂದುಕೊಂಡವರನ್ನು ಕಂಡರೆ ಕೋದಂಡಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ದೇವರು ಕಣ್ಣು ಕೊಟ್ಟಿದ್ದಾನೆ, ನೆಟ್ಟಗೆ ನೋಡೋದಕ್ಕೇನು ಧಾಡಿ? ಊರುಕಾಗೆಯ ಕತ್ತು ನೋಡಿ, ಒಲೆಬೂದಿ ಸವರಿದಂಗೆ ಇರುತ್ತೆ. ಮೈ ಸಣ್ಣದು, ಕೊಕ್ಕು ಸಣ್ಣದು, ಕೂಗು ಕೀರಲು. ಕಾಡುಕಾಗೆ ಹಾಗಲ್ಲ. ಕೊಕ್ಕಿನ ತುದಿಯಿಂದ ಬಾಲದ ತುದಿಯವರೆಗೂ ಒಂದೇ ಕಪ್ಪು. ಹಣೆ ಉಬ್ಬು, ಕೊಕ್ಕು ದಪ್ಪ, ಗಂಟಲು ಕಟ್ಟಿದ ಗಂಡಸಿನ ದನಿ. ಊರುಕಾಗೆ ಹಿಂಡು ಕಟ್ಟಿಕೊಂಡು ಬಂದು ಅನ್ನ ತಿನ್ನುತ್ತೆ. ಕಾಡುಕಾಗೆ ಒಂಟಿಯಾಗಿ ಬಂದು ಮಾಂಸ ಹುಡುಕುತ್ತೆ. ಕೋಲಾರ ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನ ತಮಿಳರು ಅದಕ್ಕೆ ಅಂಡಂಗಾಕ ಅಂತಾರೆ, ತೆಲುಗಿನವರು ಬೊಂತಕಾಕಿ ಅಂತಾರೆ. ಯಾವ ಭಾಷೇಲಿ ಕರೆದರೂ ಅದು ತಿಥಿಗೆ ಬರಬೇಕಾದ ಹಕ್ಕಿಯಲ್ಲ ಅನ್ನೋದು ಕೋದಂಡಪ್ಪನ ಕಾನೂನು.

ಹೋದ ವರ್ಷ ಲಿಖಿತ ಅಂತ ಒಬ್ಬ ಕಾಲೇಜು ಹುಡುಗಿ ಕೊರಳಿಗೆ ದುರ್ಬೀನು ಹಾಕಿಕೊಂಡು ಕೆರೆ ಹಕ್ಕಿ ನೋಡೋದಕ್ಕೆ ಬಂದಿದ್ದಳು. ಕಾಡುಕಾಗೆ ತೋರಿಸಿ, ‘ಇಂಗ್ಲಿಷಲ್ಲಿ ರೇವನ್ ಅಂತಾರಲ್ಲ, ಅದು ಇದೇ ತಾನೆ?’ ಅಂತ ಇವನು ಜಂಬದಿಂದ ಕೇಳಿದ. ಅವಳು ನಕ್ಕು, ‘ಅಲ್ಲ ತಾತ, ರೇವನ್ ಇನ್ನೂ ದೊಡ್ಡದು, ಬಾಲ ಚೂಪಾಗಿರುತ್ತೆ, ನಮ್ಮ ಕಡೆ ಇಲ್ವೇ ಇಲ್ಲ. ಇದೂ ಊರುಕಾಗೇನೂ ಎರಡೂ ಕಾಗೇನೇ’ ಅಂದಳು. ಎರಡು ದಿನ ಕೋದಂಡಪ್ಪ ಅವಳಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಬಂಗಾರಪೇಟೆ ಆಚೆ, ಕೆರೆ ಕೋಡಿಯ ಪಕ್ಕ ಸುತ್ತಲ ಐದಾರು ಹಳ್ಳಿಗೆ ಸೇರಿದ ಸುಡುಗಾಡಿದೆ. ಅಲ್ಲಿ ಗುಂಡಿ ತೋಡೋನೂ ಅವನೇ, ಕಾವಲಿರೋನೂ ಅವನೇ. ಹನ್ನೊಂದನೇ ದಿನ ತಿಥಿಗೆ ಬಂದವರು ಸಮಾಧಿ ಮೇಲೆ ಬಾಳೆಲೆ ಹಾಸಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ದೂರ ನಿಂತು ಕಾಯುತ್ತಾರೆ. ಕಾಗೆ ಬಂದು ಮುಟ್ಟಿದರೆ ಸತ್ತವರಿಗೆ ತೃಪ್ತಿ, ಇದ್ದವರಿಗೆ ನೆಮ್ಮದಿ. ಮುಟ್ಟದಿದ್ದರೆ ಹೋದ ಜೀವಕ್ಕೆ ಏನೋ ಆಸೆ ಉಳಿದಿದೆ ಅಂತ ಲೆಕ್ಕ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಕೊಡುತ್ತಾರೆ. ತಂಗಿ ಮದುವೆ ಮಾಡ್ತೀವಪ್ಪ, ನಿನ್ನ ಹಸು ಮಾರಲ್ಲಪ್ಪ, ಬಾ ಸ್ವಾಮಿ, ಮುಟ್ಟು ಸ್ವಾಮಿ ಅಂತ. ಬೇರೆ ಸುಡುಗಾಡುಗಳಲ್ಲಿ ಜನ ಸಾಯಂಕಾಲದವರೆಗೂ ಕಾದು, ಕೊನೆಗೆ ಎಡೆಯನ್ನು ಹಸುವಿಗೆ ತಿನ್ನಿಸಿ ಅಳುತ್ತಾ ಹೋಗಿದ್ದುಂಟು. ಕೋದಂಡಪ್ಪನ ಸುಡುಗಾಡಲ್ಲಿ ಕಾಗೆ ಬಾರದೆ ಹೋದದ್ದೇ ಇಲ್ಲ. ಅಲ್ಲಿ ಮಣ್ಣಿಗೆ ಸತ್ಯ ಇದೆ ಅಂತ ಜನ ಹೇಳಿಕೊಳ್ಳೋರು.

ಸತ್ಯ ಮಣ್ಣಲ್ಲಿರಲಿಲ್ಲ, ಅವನ ಟವಲ್ಲಲ್ಲಿತ್ತು. ದಿನಾ ಬೆಳಿಗ್ಗೆ ಹೊಂಗೆ ಮರದಡಿ ಕೂತು ಅವನು ಕಾಗೆಗಳಿಗೆ ಅನ್ನ ಹಾಕುತ್ತಿದ್ದ. ಟವಲ್ಲು ಹೆಗಲ ಮೇಲಿದ್ದಾಗ ಯಾವುದಾದರೂ ಕಾಗೆ ಇಳಿದರೆ ಕಲ್ಲು ಬೀಳುತ್ತಿತ್ತು. ಟವಲ್ಲು ತೊಡೆಗೆ ಬಂದಾಗ ಇಳಿದರೆ ಅನ್ನ. ಮೂರು ತಿಂಗಳಲ್ಲಿ ಕಲಿತವು. ಅವುಗಳ ಮರಿಗಳು ತಾಯಿಯನ್ನು ನೋಡಿ ಕಲಿತವು. ಮೂವತ್ತು ವರ್ಷದಲ್ಲಿ ಎಷ್ಟು ತಲೆಮಾರು ಕಾಗೆ ಕಲಿತವೋ, ಆ ಹೊಂಗೆ ಮರಕ್ಕೇ ಗೊತ್ತು. ಕಾಡುಕಾಗೆ ಕಂಡರೆ ಮಾತ್ರ ಕವಣೆ ಬೀಸಿ ಓಡಿಸುತ್ತಿದ್ದ. ಅದು ಬಂದರೆ ಊರುಕಾಗೆಗಳು ಹೆದರಿ ಚದುರುತ್ತವೆ, ಅದಕ್ಕೆ ಕಲಿಸೋಣ ಅಂದರೆ ಹತ್ತಿರಕ್ಕೇ ಬರೋದಿಲ್ಲ.

ಇದರಿಂದ ಅವನು ಆಸ್ತಿ ಏನೂ ಮಾಡಲಿಲ್ಲ. ಆದರೆ ಬೇರೊಂದು ರುಚಿ ಹತ್ತಿಬಿಟ್ಟಿತ್ತು. ಟವಲ್ಲು ಹೆಗಲ ಮೇಲೇ ಇಟ್ಟುಕೊಂಡು ಕಾಯೋದು. ತಾಯಿಗೆ ಅನ್ನ ಹಾಕದ ಮಕ್ಕಳು ಕೈಮುಗಿದು ಹಾಕ್ತೀವಿ ಅನ್ನೋವರೆಗೂ ಕಾಯೋದು. ತಂಗಿಗೆ ಪಾಲು ಕೊಡದ ಅಣ್ಣ ಬೆವೆತು ಕೊಡ್ತೀನಿ ಅಂದಾಗ ಟವಲ್ಲು ಇಳಿಸೋದು. ಕಾಗೆ ಇಳಿದ ಕೂಡಲೆ ಹೆಂಗಸರು ಗೊಳೋ ಅಂತ ಅಳುವಾಗ ಇವನಿಗೆ ಎದೆ ತುಂಬಿ ಬರುತ್ತಿತ್ತು. ತಹಸೀಲ್ದಾರರ ಕೈಲಾಗದ್ದು ನನ್ನ ಕೈಲಾಗ್ತದೆ ಅಂದುಕೊಳ್ಳುತ್ತಿದ್ದ. ಗುಟ್ಟು ಗೊತ್ತಿದ್ದದ್ದು ಹೆಂಡತಿ ಅಮ್ಮಾಜಮ್ಮನಿಗೆ ಮಾತ್ರ. ‘ದೇವರ ಕೆಲ್ಸಕ್ಕೆ ನೀನ್ಯಾಕೆ ಕೈ ಆಕ್ತೀಯ? ಒಂದಿನ ಸರ್ಯಾಗಿ ಸಿಕ್ಕಾಕ್ಕೊಂತೀಯ, ಬುಡು’ ಅಂತ ಅವಳು ಬೈಯುತ್ತಲೇ ಇದ್ದಳು. ಇವನು ಕಿವಿಗೆ ಹಾಕಿಕೊಂಡವನಲ್ಲ.

ಹೀಗಿರುವಾಗ ಚಲಪತಿ ಸತ್ತ. ಮೂರು ಮೈಲಿ ಆಚೆಯ ಹಳ್ಳಿಯ ಮುನಿಸ್ವಾಮಪ್ಪನ ಎರಡನೇ ಮಗ, ಮೂವತ್ತು ತುಂಬಿರಲಿಲ್ಲ. ದಿನಾ ಬೆಳಿಗ್ಗೆ ಬಂಗಾರಪೇಟೆಯಿಂದ ರೈಲು ಹತ್ತಿ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿ ರಾತ್ರಿ ಬರುತ್ತಿದ್ದವನು. ಅವತ್ತು ಬೆಳಿಗ್ಗೆ ತಡವಾಗಿತ್ತು. ಮೇಲುಸೇತುವೆ ಹತ್ತದೆ ಹಳಿ ದಾಟಿದ. ನಡುವಿನ ಹಳಿಯ ಮೇಲೆ ಗೂಡ್ಸ್ ರೈಲು ಬರುತ್ತಿತ್ತು. ಗೋಣಿಚೀಲದಲ್ಲಿ ಕಟ್ಟಿಕೊಂಡು ಬಂದ ಅವನನ್ನು ಮಣ್ಣು ಮಾಡುವಾಗ ಕೋದಂಡಪ್ಪ ಮುಖ ಆ ಕಡೆ ತಿರುಗಿಸಿಕೊಂಡಿದ್ದ.

ಒಂಬತ್ತನೇ ದಿನ ಮಧ್ಯಾಹ್ನ ಚಲಪತಿಯ ಹೆಂಡತಿ ಸೆಲ್ವಿ ಒಬ್ಬಳೇ ಸುಡುಗಾಡಿಗೆ ಬಂದಳು. ಅವಳು ಚಾಂಪಿಯನ್ ರೀಫ್ಸಿನ ಗಣಿ ಕೂಲಿಗಳ ಲೈನುಮನೆಯ ಹುಡುಗಿ, ತಮಿಳರವಳು. ಕೋದಂಡಪ್ಪ ಹುಟ್ಟಿ ಬೆಳೆದದ್ದೂ ಅದೇ ಲೈನಲ್ಲಿ. ಇವನು ಗಣಿ ಬಿಟ್ಟು ಇಲ್ಲಿಗೆ ಬರೋವರೆಗೂ ಅವಳಪ್ಪನೂ ಇವನೂ ಒಂದೇ ಶಾಫ್ಟಲ್ಲಿ ಇಳಿದು ಹತ್ತಿದವರು. ಅದಕ್ಕೇ ಅವಳಿಗೆ ಇವನು ಪೆರಿಯಪ್ಪ, ಅಂದರೆ ದೊಡ್ಡಪ್ಪ. ಚಲಪತಿ ಅವಳನ್ನು ಇಷ್ಟಪಟ್ಟು ಮದುವೆಯಾಗಿದ್ದ. ಅತ್ತೆ ಮುನಿನಾರಾಯಣಮ್ಮ ಐದು ವರ್ಷವಾದರೂ ಅವಳ ಕೈಯ ನೀರು ಕುಡಿಯುವಾಗ ಮುಖ ಸಿಂಡರಿಸುತ್ತಿದ್ದಳು.

ಸೆಲ್ವಿ ಸಮಾಧಿ ಹತ್ತಿರ ಹೋಗಲಿಲ್ಲ. ಹೊಂಗೆ ಮರದಡಿ ಇವನೆದುರು ಕುಕ್ಕರಗಾಲಲ್ಲಿ ಕೂತಳು.

‘ಪಾಪು ಎಲ್ಲಮ್ಮಾ?’ ಅಂದ ಕೋದಂಡಪ್ಪ.

‘ಅತ್ತೆ ಹತ್ರ. ಈಗ ಕೊಡದೇ ಇಲ್ಲ ಪೆರಿಯಪ್ಪಾ. ರಾತ್ರಿ ಅವ್ರ ಪಕ್ಕದಲ್ಲೇ ಮಲಗಿಸ್ಕೊಂತಾರೆ. ತಿಥಿ ಆದ್ಮೇಲೆ ನಾನು ನಮ್ಮ ಅಮ್ಮನ ಮನೇಗೆ ಓಗ್ಬೇಕಂತೆ. ನವ್ಯ ಇಲ್ಲೇ ಇರ್ತಾಳಂತೆ. ಬಾವನಿಗೆ ಮಕ್ಕಳಿಲ್ವಲ್ಲ, ಅವ್ರು ಸಾಕ್ಕೊಂತಾರಂತೆ.’

‘ನಾಲ್ಕು ವರ್ಷದ ಕೂಸು. ತಾಯಿನ ಬುಡಿಸ್ತಾರಾ?’

ಸೆಲ್ವಿ ನೆಲ ಕೆರೆಯುತ್ತಾ ಎಲ್ಲ ಹೇಳಿದಳು. ಅವನು ಸತ್ತ ಹಿಂದಿನ ರಾತ್ರಿಯೆಲ್ಲ ನವ್ಯಳಿಗೆ ಜ್ವರ. ಬೆಳಗಿನ ಜಾವ ಇವಳಿಗೆ ಕಣ್ಣು ಹತ್ತಿಬಿಟ್ಟಿತ್ತು. ಚಲಪತಿ ಎದ್ದು, ಒಲೆ ಹಚ್ಚಿಲ್ಲ, ಬುತ್ತಿ ಕಟ್ಟಿಲ್ಲ ಅಂತ ರೇಗಿದ. ಇವಳಿಗೂ ಸಿಟ್ಟು ಬಂತು. ಒಂದಿನ ಉಣ್ಣದಿದ್ರೆ ಯಾರೂ ಸಾಯಲ್ಲ ಅಂದುಬಿಟ್ಟಳು. ಅವನು ಬರೀ ಹೊಟ್ಟೇಲಿ ಬಾಗಿಲು ಬಡಿದುಕೊಂಡು ಹೋದ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿದ್ದ ಅತ್ತೆ ಅದನ್ನು ಕೇಳಿಸಿಕೊಂಡಿದ್ದಳು.

‘ಅವ್ರು ಯೋಳ್ತಾರೆ, ನನ್ನ ಮಗ ಆಯತಪ್ಪಿ ಸಾಯೋನಲ್ಲ, ನಿನ್ನ ಮಾತಿಗೆ ಬೇಜಾರಾಗಿ ತಾನೇ ರೈಲಿಗೆ ಓದ ಅಂತ. ನಂಗೂ ಗೊತ್ತಾಗ್ತಾ ಇಲ್ಲ ಪೆರಿಯಪ್ಪಾ. ಒಂದೊಂದ್ಸಲ ಅಂಗೇ ಇರ್ಬೋದು ಅನ್ನಿಸ್ತದೆ.’

‘ಮುಚ್ಚು ಬಾಯಿ. ರೈಲು ತಪ್ತದೆ ಅಂತ ಓಡ್ದ, ಗೂಡ್ಸು ನೋಡ್ಲಿಲ್ಲ. ಅಷ್ಟೇಯ.’

‘ಕಾಗೆ ಬತ್ತದಾ ಪೆರಿಯಪ್ಪಾ? ಬರ್ದೇ ಓದ್ರೆ ಅದನ್ನೂ ನನ್ನ ತಲೆಗೇ ಕಟ್ತಾರೆ.’

ಕೋದಂಡಪ್ಪನ ತಲೆಯೊಳಗೆ ಆಗಲೇ ಎಲ್ಲ ಜೋಡಣೆಯಾಗಿತ್ತು. ‘ಬತ್ತದೆ. ಅದಕ್ಕೆ ಮೊದ್ಲು ಅವ್ರ ಬಾಯಲ್ಲಿ ಬರ್ಬೇಕಾದ್ದು ಬತ್ತದೆ. ನೀನು ಸುಮ್ನೆ ನಿಂತ್ಕೊ’ ಅಂದ. ಅವಳಿಗೆ ಅರ್ಥವಾಗಲಿಲ್ಲ, ಆದರೂ ಮುಖ ಸ್ವಲ್ಪ ತಿಳಿಯಾಯಿತು. ಎದ್ದು ನಿಂತವಳು, ‘ಅವ್ರಿಗೆ ನಾಟಿಕೋಳಿ ಸಾರಂದ್ರೆ ಪ್ರಾಣ. ನಾನೇ ಮಾಡಿ ಎಡೆಗೆ ಇಡ್ತೀನಿ. ಇಡ್ಬೋದಾ?’ ಅಂದಳು.

ಇಲ್ಲಿ ಕೋದಂಡಪ್ಪ ಎಡವಿದ. ಎಡೆಗೆ ಮಾಂಸ ತಂದವರಿಗೆಲ್ಲ ಅವನು ಒಂದೇ ಮಾತು ಹೇಳೋನು: ಮೊದಲು ಬರೀ ಅನ್ನ, ಮುದ್ದೆ, ವಡೆ ಇಡಿ. ಕಾಗೆ ಮುಟ್ಟಿದ ಮೇಲೆ ಮಾಂಸದ ಮುಚ್ಚಳ ತೆಗೀರಿ. ಮೂವತ್ತು ವರ್ಷ ಇದನ್ನು ತಪ್ಪಿಸಿರಲಿಲ್ಲ. ಆ ಹುಡುಗಿಯ ಮುಖ ನೋಡಿ ಬಾಯಿ ಬರಲಿಲ್ಲ. ‘ಇಡು ತಾಯಿ’ ಅಂದ.

ಹನ್ನೊಂದನೇ ದಿನ ಬಿಸಿಲು ಏರುವ ಹೊತ್ತಿಗೆ ಮೂವತ್ತು ನಲವತ್ತು ಜನ ಬಂದರು. ಮುನಿಸ್ವಾಮಪ್ಪ, ಮುನಿನಾರಾಯಣಮ್ಮ, ತಲೆ ಬೋಳಿಸಿಕೊಂಡ ಹಿರಿಮಗ ಮುನೀಂದ್ರ, ನೆಂಟರು, ಊರಿನವರು. ನವ್ಯ ಅಜ್ಜಿಯ ಸೊಂಟದ ಮೇಲಿದ್ದಳು. ಸೆಲ್ವಿಯ ಕಡೆಯಿಂದ ಯಾರೂ ಬಂದಿರಲಿಲ್ಲ, ಅವಳ ತಾಯಿಗೆ ಕಾಲು ಬರೋದಿಲ್ಲ, ತಂದೆ ಸತ್ತು ವರ್ಷಗಳಾಗಿದ್ದವು. ಸಮಾಧಿಗೆ ನೀರು ಹಾಕಿ, ಅರಿಶಿನ ಕುಂಕುಮ ಇಟ್ಟು, ಬಾಳೆಲೆ ಹಾಸಿದರು. ಮುದ್ದೆ, ಅನ್ನ, ವಡೆ, ಚಿತ್ರಾನ್ನ, ಒಂದು ಕಟ್ಟು ಬೀಡಿ. ಸೆಲ್ವಿ ಸ್ಟೀಲಿನ ಡಬ್ಬಿ ಬಿಚ್ಚಿ ಕೋಳಿಸಾರನ್ನು ಮುದ್ದೆಯ ಪಕ್ಕಕ್ಕೆ ಬಗ್ಗಿಸಿದಳು, ತೊಡೆಯ ತುಂಡನ್ನು ಮೇಲಕ್ಕೆ ಇಟ್ಟಳು. ಮುನಿನಾರಾಯಣಮ್ಮ ಅದನ್ನು ನೋಡಿ, ‘ಈಗ ಬಂತು ಊಟ’ ಅಂದಳು.

ಎಲ್ಲರೂ ಹತ್ತು ಮಾರು ಹಿಂದೆ ಸರಿದು ನಿಂತರು. ಕೋದಂಡಪ್ಪ ಹೊಂಗೆ ಮರದ ಬುಡದಲ್ಲಿ ಟವಲ್ಲು ಹೆಗಲಿಗೆ ಹಾಕಿಕೊಂಡು ಕೂತ. ಮೇಲೆ ಕೊಂಬೆಗಳಲ್ಲಿ ಐವತ್ತು ಅರವತ್ತು ಊರುಕಾಗೆ, ಒಂದೂ ಅಲ್ಲಾಡಲಿಲ್ಲ. ಕಾಲು ಗಂಟೆಯಾಯಿತು. ಮುನೀಂದ್ರ ಮುಂದೆ ಬಂದು, ‘ನಿನ್ನ ಪಾಲಿನ ಒಲ ನಿನ್ನ ಎಸರಲ್ಲೇ ಇರ್ತದೆ ಚಲಪತಿ, ಬಾರಪ್ಪ’ ಅಂದ. ಕಾಗೆ ಬರಲಿಲ್ಲ. ಮುನಿಸ್ವಾಮಪ್ಪ, ವರ್ಷಾ ವರ್ಷಾ ತಪ್ಪದೆ ನಿಂಗೆ ಎಡೆ ಇಡ್ತೀವಿ ಅಂದ. ಬರಲಿಲ್ಲ. ಅರ್ಧ ಗಂಟೆ ಕಳೆಯಿತು. ಜನ ಗುಸುಗುಸು ಶುರು ಮಾಡಿದರು.

‘ಅವನ ಮನಸು ಎಂಡ್ತಿ ಮಗಳ ಮೇಲೈತೆ ಕಾಣ್ತದೆ. ಅದೇನಾದ್ರೂ ಯೋಳಿ ನೋಡಿ’ ಅಂದ ಕೋದಂಡಪ್ಪ, ಯಾರ ಮುಖಾನೂ ನೋಡದೆ.

ಮುನಿನಾರಾಯಣಮ್ಮ ತುಟಿ ಬಿಗಿದಳು. ‘ಮಗಳನ್ನ ರಾಣಿ ಅಂಗೆ ನೋಡ್ಕೊಂತೀವಿ’ ಅಂದಳು. ಅಷ್ಟೇ.

ಆಗ ಇಳಿಸಿಬಿಡಬಹುದಿತ್ತು ಟವಲ್ಲು. ತಿಥಿ ಮುಗಿದು, ಎಲ್ಲರೂ ಮನೆಗೆ ಹೋಗಿ, ಆಮೇಲೆ ನಾಲ್ಕು ಜನ ಹಿರಿಯರನ್ನು ಕೂರಿಸಿ ಕೂಸಿನ ವಿಷಯ ಮಾತಾಡಬಹುದಿತ್ತು. ಕೋದಂಡಪ್ಪ ಇಳಿಸಲಿಲ್ಲ. ಆ ಮುದುಕಿಯ ಬಾಯಿಂದಲೇ ಹೇಳಿಸಬೇಕು ಅನ್ನೋ ಹಟ ಹತ್ತಿಬಿಟ್ಟಿತ್ತು ಅವನಿಗೆ. ಇನ್ನೂ ಕಾಲು ಗಂಟೆ ಕೂರಿಸಿದ. ಬಿಸಿಲಿಗೆ ಸಾರಿನ ವಾಸನೆ ಕೆರೆ ಏರಿಯವರೆಗೂ ಹೋಗುತ್ತಿತ್ತು.

ಮುನಿಸ್ವಾಮಪ್ಪ ಸೋತ. ಮೆತ್ತನೆ ಮನುಷ್ಯ. ‘ಓಗ್ಲಿ ಬುಡೇ. ಕೂಸು ತಾಯಿ ಜೊತೇಲೇ...’ ಅಂತ ಬಾಯಿ ತೆರೆದ. ಕೋದಂಡಪ್ಪನ ಕೈ ಹೆಗಲ ಕಡೆ ಹೊರಟಿತು.

‘ನೀನು ಸುಮ್ಕಿರು’ ಅಂದಳು ಮುನಿನಾರಾಯಣಮ್ಮ. ನವ್ಯಳನ್ನು ಮುನೀಂದ್ರನ ಕೈಗೆ ಕೊಟ್ಟು ಸಮಾಧಿಯ ಮುಂದೆ ಹೋಗಿ ನಿಂತಳು. ಸೆರಗು ಒಡ್ಡಿದಳು. ಅವಳ ದನಿ ನಡುಗುತ್ತಿರಲಿಲ್ಲ. ‘ಚಲಪತೀ, ನಿಮ್ಮವ್ವ ಕೇಳ್ತಾವಳೆ ಕಣಪ್ಪಾ. ನೀನು ಆಯತಪ್ಪಿ ಸತ್ತಿದ್ರೆ ಈ ಎಡೆ ಮುಟ್ಟಬ್ಯಾಡ. ಇವಳ ಮಾತಿಗೆ ಮನಸು ಮುರ್ದು ನೀನಾಗೇ ರೈಲಿಗೆ ಓಗಿದ್ರೆ, ಈಗ್ಲೇ ಬಂದು ಮುಟ್ಟು. ಎಲ್ರೂ ನೋಡ್ಲಿ.’

ಏರಿಯ ಮೇಲಿನ ನೀಲಗಿರಿ ತೋಪಿನಿಂದ ಒಂದು ಕಾಡುಕಾಗೆ ಹೊರಟದ್ದನ್ನು ಮೊದಲು ನೋಡಿದವನು ಕೋದಂಡಪ್ಪನೇ. ಕವಣೆಗೆ ಕೈ ಹಾಕಿದ. ಎಡೆಯ ಮುಂದೆ ಮುನಿನಾರಾಯಣಮ್ಮ ನಿಂತಿದ್ದಳು, ಅವಳ ಹಿಂದೆ ಅಷ್ಟು ಜನ. ಕಲ್ಲು ಬೀಸೋದು ಹೇಗೆ? ಕವಣೆಯನ್ನು ಹಾಗೇ ಕೆಳಗಿಟ್ಟ. ಅದು ನೇರ ಬಂದು ಬಾಳೆಲೆಯ ಅಂಚಿಗೆ ಇಳಿಯಿತು. ಮುದ್ದೆ ಮುಟ್ಟಲಿಲ್ಲ, ಅನ್ನ ಮುಟ್ಟಲಿಲ್ಲ. ತೊಡೆಯ ತುಂಡನ್ನು ಕಚ್ಚಿಕೊಂಡು ಹಾರಿ ನೀಲಗಿರಿ ಮರದಲ್ಲಿ ಕೂತು, ಕಾಲಲ್ಲಿ ಒತ್ತಿ ಹಿಡಿದು ಹರಿಯತೊಡಗಿತು.

ಸೆಲ್ವಿ ಇದ್ದಲ್ಲೇ ಕುಸಿದು ಕೂತಳು. ಮುನಿನಾರಾಯಣಮ್ಮ ಮೆಲ್ಲಗೆ ತಿರುಗಿ, ಸೊಸೆಯನ್ನು ನೋಡಿ, ಎದೆ ಎದೆ ಬಡಿದುಕೊಂಡು ಅಳೋದಕ್ಕೆ ಶುರು ಮಾಡಿದಳು. ಗೆದ್ದೆ ಅನ್ನೋ ಅಳುವಲ್ಲ ಅದು. ಮಗ ಬೇಕಂತಲೇ ಸತ್ತ ಅಂತ ಈಗ ಖಾತ್ರಿಯಾಯಿತಲ್ಲ, ಹೆತ್ತ ಹೊಟ್ಟೆ ಉರಿಯದೆ ಇರುತ್ತಾ?

ಕೋದಂಡಪ್ಪ ಎದ್ದು ಓಡಿ ಬಂದ. ‘ಅದು ಲೆಕ್ಕಕ್ಕಿಲ್ಲ. ಅದು ಕಾಡುಕಾಗೆ. ಕತ್ತು ನೋಡಿದ್ರಾ, ಬೂದಿ ಬಣ್ಣ ಇತ್ತಾ? ಮಾಂಸದ ವಾಸ್ನೆಗೆ ಬಂದಿದ್ದು ಅದು. ಪಿತೃಗಳು ಬರೋದು ಊರುಕಾಗೇಲಿ. ನಿಮ್ಮ ತಾತನ ಕಾಲದಿಂದ ಅಂಗೇ ಅಲ್ವಾ?’

‘ಎರಡೂ ಕಾಗೇನೇ ಅಲ್ವಾ?’ ಅಂದ ಮುನೀಂದ್ರ.

‘ಅಲ್ಲ. ಬೇರೆ ಬೇರೆ.’

ಮುನಿಸ್ವಾಮಪ್ಪ ಆ ಮಾತನ್ನು ಹಿಡಿದುಕೊಂಡ. ಮಗ ತಾನಾಗಿ ಸತ್ತ ಅಂತ ನಂಬೋದು ಅವನಿಗೂ ಬೇಕಿರಲಿಲ್ಲ. ‘ಕೋದಂಡಪ್ಪ ಸರ್ಯಾಗಿ ಯೋಳ್ತಾವನೆ. ನಮ್ಮಪ್ಪನೂ ಅಂಗೇ ಅನ್ನೋನು. ಊರುಕಾಗೆ ಮುಟ್ಬೇಕು. ಚಲಪತೀ, ಕೂಸು ಅದರ ತಾಯಿ ಜೊತೇಲೇ ಇರ್ತದೆ, ನಾನು ಮಾತು ಕೊಡ್ತೀನಿ. ಬಾ ನನ್ನಪ್ಪಾ’ ಅಂದ.

ಇಷ್ಟು ಬೇಕಿತ್ತು ಕೋದಂಡಪ್ಪನಿಗೆ. ನಿಂತಲ್ಲೇ ಟವಲ್ಲನ್ನು ಹೆಗಲಿಂದ ಎಳೆದ. ಹೊಂಗೆ ಮರವೇ ಬಿಚ್ಚಿಕೊಂಡಂತೆ ಅಷ್ಟೂ ಕಾಗೆಗಳು ಇಳಿದು ಎಡೆಯನ್ನು ಮುತ್ತಿಕೊಂಡವು. ನೆಂಟರು ಕೈಮುಗಿದರು. ಸೆಲ್ವಿ ಎದ್ದು ಮಗಳ ಕಡೆ ಎರಡು ಹೆಜ್ಜೆ ಇಟ್ಟಳು.

ಮುನಿನಾರಾಯಣಮ್ಮ ಅಳು ನಿಲ್ಲಿಸಿದ್ದಳು. ನಲವತ್ತು ವರ್ಷ ದನ ಕಟ್ಟಿ ಹಾಲು ಕರೆದವಳು. ಯಾವ ಪ್ರಾಣಿ ಯಾರ ಕೈ ನೋಡುತ್ತೆ ಅಂತ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ‘ಇವು ಎಡೆ ನೋಡ್ಕೊಂಡು ಇಳೀಲಿಲ್ಲ’ ಅಂದಳು. ‘ಇವನ ಕೈ ನೋಡ್ಕೊಂಡು ಇಳಿದ್ವು. ನಮ್ಮ ಅಸ ಬೂಸಾ ಬಕೆಟ್ಟು ನೋಡಿದಂಗೆ. ಮುನೀಂದ್ರಾ, ಆ ಟವಲ್ಲು ಎತ್ತಿ ಅವನ ಎಗಲಿಗೆ ಆಕು.’

‘ಯಾಕಮ್ಮಾ?’

‘ಆಕು ಅಂದೆ.’

ಮುನೀಂದ್ರ ಮಗುವನ್ನು ಕೆಳಗಿಳಿಸಿ ಬಂದು ಟವಲ್ಲು ಕಿತ್ತುಕೊಂಡ. ಕೋದಂಡಪ್ಪನ ಹೆಗಲಿಗೆ ಎಸೆದ. ಟವಲ್ಲು ಹೆಗಲಿಗೆ ಬಿದ್ದ ಗಳಿಗೆಯಲ್ಲಿ ಕಾಗೆಗಳು ಬಾಯಲ್ಲಿದ್ದ ಅಗುಳನ್ನೂ ಬಿಟ್ಟು ಮರಕ್ಕೆ ಹಾರಿದವು. ಮುನೀಂದ್ರ ಟವಲ್ಲು ಎಳೆದ, ಇಳಿದವು. ಹಾಕಿದ, ಹಾರಿದವು. ಮೂರನೇ ಸಲ ಅವನು ಮಾಡಲಿಲ್ಲ. ಮಾಡೋದು ಬೇಕಿರಲಿಲ್ಲ.

ಗುಂಪಿನಲ್ಲಿ ಮುನಿರತ್ನಮ್ಮ ಅನ್ನೋ ಹೆಂಗಸು ನಿಂತಿದ್ದಳು. ಅವಳ ಗಂಡನ ತಿಥಿ ಹೋದ ವರ್ಷ ಇಲ್ಲೇ ಆಗಿತ್ತು. ‘ನಮ್ಮನೆಯವ್ರದ್ದೂ ಇಂಗೇನಾ ಕೋದಂಡಪ್ಪಾ?’ ಅಂದಳು. ಜೋರು ಮಾಡಲಿಲ್ಲ, ಬೈಯಲಿಲ್ಲ, ಸುಮ್ಮನೆ ಕೇಳಿದಳು. ಕೋದಂಡಪ್ಪನಿಗೆ ನೆಲ ಬಾಯಿ ಬಿಟ್ಟು ನುಂಗಬಾರದಾ ಅನ್ನಿಸಿತು.

‘ಔದಮ್ಮ’ ಅಂದ. ‘ಎಲ್ಲಾರ್ದೂ ಇಂಗೇನೇ. ನಾನು ಸಾಕಿದ ಕಾಗೆ ಇವು. ಬೈರಿ, ಒಡೀರಿ, ಏನಾದ್ರೂ ಮಾಡಿ. ಅದಕ್ಕೇ ಯೋಳ್ತಾ ಇವ್ನಿ, ಈ ಕಾಗೆ ಮುಟ್ಟೋದು ಬುಡೋದು ಎಲ್ಲಾ ಸುಳ್ಳು. ಅನ್ನ ಕಂಡ್ರೆ ಬತ್ತವೆ, ಕಲ್ಲು ಕಂಡ್ರೆ ಓಯ್ತವೆ. ಈ ಸೆಲ್ವಿ ಮೇಲೆ ತಪ್ಪು ಒರಿಸ್ಬ್ಯಾಡ್ರಿ. ಕೂಸನ್ನ ಕೊಟ್ಬುಡಿ.’

ಮೂವತ್ತು ವರ್ಷದ ಗುಟ್ಟನ್ನು ಅಷ್ಟು ಜನರ ಮುಂದೆ ಸುರಿದು, ಹಗುರಾದೆ ಅಂದುಕೊಂಡ ಪಾಪ. ಇನ್ನೇನು ಮುಗಿಯಿತು, ಕಾಗೆಯ ಸಾಕ್ಷಿಯೇ ಬಿದ್ದುಹೋಯಿತು ಅಂದುಕೊಂಡ.

ಮುನಿನಾರಾಯಣಮ್ಮ ಅವನನ್ನೇ ನೋಡುತ್ತಿದ್ದಳು. ‘ಇವು ನೀನು ಸಾಕಿದ್ದು. ಕರ್ದ್ರೆ ಬತ್ತವೆ. ಸರಿ. ಅಂಗಾದ್ರೆ ಅದನ್ಯಾರು ಕರ್ದ್ರು?’ ಅಂದು ನೀಲಗಿರಿ ಮರದ ಕಡೆ ಕೈ ತೋರಿಸಿದಳು.

ಎಲ್ಲರ ತಲೆಯೂ ಆ ಕಡೆ ತಿರುಗಿತು. ಕಾಡುಕಾಗೆ ಮೂಳೆ ಬಿಡಿಸುತ್ತಿತ್ತು.

‘ನಿಂದೆಲ್ಲಾ ಕೋಳಿ ಅಂಗೆ ಸಾಕಿದ ಕಾಗೆ. ಅದೊಂದನ್ನ ಯಾರೂ ಸಾಕ್ಲಿಲ್ಲ, ಯಾರೂ ಟವಲ್ಲು ಬೀಸ್ಲಿಲ್ಲ. ನಾನು ನನ್ನ ಮಗನ್ನ ಕೇಳ್ದೆ, ಅದು ಬಂತು. ಈ ಸುಡುಗಾಡಿಗೆ ಮೂವತ್ತು ವರ್ಷದಲ್ಲಿ ನಿಜವಾಗಿ ಬಂದಿರೋ ಕಾಗೆ ಅದೊಂದೇ ಕಣೋ ಕೋದಂಡಪ್ಪಾ.’

ಮುನಿಸ್ವಾಮಪ್ಪ ತಲೆ ತಗ್ಗಿಸಿದ. ಗುಂಪಿನಲ್ಲಿ ಒಬ್ಬೊಬ್ಬರೇ ಹೌದು ಹೌದು ಅಂದರು. ತಾನೇ ಬಾಯಿಬಿಟ್ಟು ಸೆಲ್ವಿಯ ಕತ್ತಿಗೆ ಹಗ್ಗ ಬಿಗಿದಂತಾಯಿತಲ್ಲ ಅಂತ ಕೋದಂಡಪ್ಪನಿಗೆ ಅನ್ನಿಸಿತು. ಆ ಸಂಕಟದಲ್ಲಿ ಇನ್ನೊಂದು ಸುಳ್ಳು ಹೇಳಿದ.

‘ಅದನ್ನೂ ನಾನೇ ಕರ್ದಿದ್ದು.’

‘ಏನಂದೆ?’ ಅಂದಳು ಮುನಿನಾರಾಯಣಮ್ಮ.

‘ಔದು. ಅದನ್ನೂ ಸಾಕಿವ್ನಿ. ಅದಕ್ಕೆ ಬೇರೆ ಗುರುತು.’

ಸೆಲ್ವಿ ಓಡಿಬಂದು ಅವನ ಎರಡೂ ಕೈ ಹಿಡಿದುಕೊಂಡಳು. ಅವಳ ಮುಖದಲ್ಲಿ ಅಷ್ಟು ಆಸೆ ಇತ್ತು, ಕೋದಂಡಪ್ಪನಿಗೆ ಕಣ್ಣಿಟ್ಟು ನೋಡಲಾಗಲಿಲ್ಲ. ‘ನಿಜವಾ ಪೆರಿಯಪ್ಪಾ? ಅಂಗಾದ್ರೆ ಕರೀರಿ. ಇನ್ನೊಂದ್ಸಲ ಕರೀರಿ, ಇವ್ರೆಲ್ಲಾ ನೋಡ್ಲಿ. ನಾನು ನನ್ನ ಮಗೂನ ಎತ್ಕೊಂಡು ಓಯ್ತೀನಿ’ ಅಂದಳು.

ಕೋದಂಡಪ್ಪ ಎಡೆಯಿಂದ ಕೋಳಿಯ ಒಂದು ತುಂಡು ತೆಗೆದುಕೊಂಡು ನೀಲಗಿರಿ ಮರದ ಕಡೆ ನಡೆದ. ಟವಲ್ಲು ಕೆಳಗೆ ಹಾಕಿದ. ತುಂಡನ್ನು ಎತ್ತಿ ತೋರಿಸಿದ. ನಾಲಗೆಯಲ್ಲಿ ಲೊಚಗುಟ್ಟಿದ, ಕಾಗೆಯ ಹಾಗೆ ಗಂಟಲಲ್ಲಿ ಕೂಗಿದ, ಬಾ ಬಾ ಅಂತ ತೆಲುಗಲ್ಲಿ, ತಮಿಳಲ್ಲಿ, ಕನ್ನಡದಲ್ಲಿ ಕರೆದ. ಅವನು ಸಾಕಿದ ಕಾಗೆಗಳು ಹಿಂಡಾಗಿ ಬಂದು ಕಾಲ ಸುತ್ತ ಇಳಿದವು. ಒಂದು ಹೆಗಲ ಮೇಲೆ ಕೂತಿತು. ಒದ್ದು ಓಡಿಸಿದ, ಮತ್ತೆ ಬಂದವು. ಕಾಡುಕಾಗೆ ಕತ್ತು ಓರೆ ಮಾಡಿ ಅವನನ್ನು ನೋಡಿತು. ಕವಣೆ ಬೀಸುವ ಈ ಮನುಷ್ಯನ ಗುರುತು ಅದಕ್ಕೂ ಚೆನ್ನಾಗಿತ್ತು. ಅವನು ಮರದ ಹತ್ತಿರ ಇನ್ನೂ ನಾಲ್ಕು ಹೆಜ್ಜೆ ಇಟ್ಟ ಕೂಡಲೆ ಹಾರಿ, ಕೆರೆ ದಾಟಿ, ರೈಲುಹಳಿಯ ಕಡೆ ಹೋಯಿತು.

ಯಾರೋ ಹಿಂದಿನಿಂದ ಅವನ ಮೇಲೆ ಮಣ್ಣುಹೆಂಟೆ ಎಸೆದರು. ಅದು ಅವನ ಬೆನ್ನಿಗೆ ಬಿತ್ತು. ಅವನು ತಿರುಗಲಿಲ್ಲ. ತಿರುಗಿದರೆ ಸೆಲ್ವಿಯನ್ನು ನೋಡಬೇಕಿತ್ತು.

ಅವಳೇ ಅವನ ಹತ್ತಿರ ಬಂದಳು. ನೆಲದಲ್ಲಿ ಬಿದ್ದಿದ್ದ ಟವಲ್ಲು ಎತ್ತಿ, ಒದರಿ, ಅವನ ಕೈಗೆ ಕೊಟ್ಟಳು. ಅಳುತ್ತಿರಲಿಲ್ಲ.

‘ಬುಡಿ ಪೆರಿಯಪ್ಪಾ. ಅದು ಅವ್ರೇ.’

‘ಅಲ್ಲ ತಾಯೀ. ಅದು ಬರೀ ಕಾಡುಕಾಗೆ. ಮಾಂಸಕ್ಕೆ ಬಂದಿದ್ದು. ನನ್ನ ಮಾತು ನಂಬು, ನಾನು ನೋಡಿವ್ನಿ...’

‘ಮುದ್ದೆ ಮುಟ್ಲಿಲ್ಲ, ಅವ್ರಮ್ಮ ಮಾಡಿದ ವಡೆ ಮುಟ್ಲಿಲ್ಲ. ನಾನು ಮಾಡಿದ್ದನ್ನೇ ಎತ್ಕೊಂಡು ಓದ್ರು. ಅವತ್ತು ಉಣ್ಣದೆ ಓದೋರು, ಇವತ್ತು ಬಂದು ಉಂಡ್ರು’ ಅಂದಳು ಸೆಲ್ವಿ. ‘ಅತ್ತೆ ಯೋಳಿದ್ದು ನಿಜ. ನಾನೇ ಕಳಿಸಿದ್ದು.’

ನವ್ಯ ಅಮ್ಮಾ ಅಂತ ಓಡಿಬಂದು ಅವಳ ಸೆರಗು ಹಿಡಿದುಕೊಂಡಳು. ಸೆಲ್ವಿ ಬಗ್ಗಿ ಮಗುವಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಮಗುವನ್ನು ಎತ್ತಿ, ತಾನೇ ಹೋಗಿ ಮುನಿನಾರಾಯಣಮ್ಮನ ಕೈಗೆ ಕೊಟ್ಟಳು. ಅವಳ ತವರಿನ ಕಡೆ ಹೋಗುವ ಆಂಡರ್ಸನ್‌ಪೇಟೆ ಬಸ್ಸು ಕೆರೆ ಏರಿಯ ತಿರುವಿನಲ್ಲಿ ನಿಲ್ಲುತ್ತದೆ. ಅವಳು ಖಾಲಿ ಡಬ್ಬಿಯನ್ನೂ ತೆಗೆದುಕೊಳ್ಳದೆ ಆ ಕಡೆ ನಡೆದು ಹೋದಳು.